ಸಂಡೂರಿನಲ್ಲಿ ಕೂತು ನಿಯೋಗಿಯವರನ್ನು ನೆನೆಯುತ್ತಾ

ಕೇಳುಗರಿಗೆ ನಮಸ್ಕಾರ.

ನಮ್ಮ ಸಂಡೂರಿನ ಗುಡ್ಡಗಳಲ್ಲಿ ದೊಡ್ಡ ಯಂತ್ರಗಳು ಬರುವ ಮುಂಚೆ ಅದಿರು ಒಡೆಯೋದು, ಆರಿಸೋದು, ಪುಟ್ಟಿ ಹೊತ್ತು ಲಾರಿಗೆ ತುಂಬೋದು ಎಲ್ಲಾ ಕೈಯಿಂದಲೇ. ಛತ್ತೀಸಗಢದ ದಲ್ಲಿ ರಾಜಹರಾದಲ್ಲೂ ಅದೇ ಕೆಲಸ, ಅದೇ ಕೆಂಪು ಧೂಳು. ಭಿಲಾಯಿ ಉಕ್ಕಿನ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಅಲ್ಲಿಂದ. ಆ ಗುತ್ತಿಗೆ ಕೂಲಿಕಾರರು 1977ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಾಗ ಮುಂದೆ ನಿಂತವರು ಶಂಕರ್ ಗುಹಾ ನಿಯೋಗಿ.

ಅದೇ ವರ್ಷ ಜೂನ್‌ನಲ್ಲಿ ಪೊಲೀಸರ ಗುಂಡಿಗೆ 11 ಜನ ಸತ್ತರು. ಅವರ ನೆನಪಿಗೆ ಕಾರ್ಮಿಕರು ಆಸ್ಪತ್ರೆಯನ್ನೇ ಕಟ್ಟಿದರು. ದುಡ್ಡು ಅವರದ್ದೇ, ದುಡಿಮೆಯೂ ಅವರದ್ದೇ. 1983ರಲ್ಲಿ ಶುರುವಾದ ಆ ಶಹೀದ್ ಆಸ್ಪತ್ರೆಯ ಬಗ್ಗೆ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಕೂಲಿ ಜಾಸ್ತಿಯಾಯಿತು ಅಂತ ನಿಯೋಗಿ ಸುಮ್ನೆ ಕೂರಲಿಲ್ಲ. ಆ ಕೂಲಿ ಸಾರಾಯಿ ಅಂಗಡಿ ಸೇರದ ಹಾಗೆ ಹೆಂಗಸರನ್ನು ಜೊತೆಗಿಟ್ಟುಕೊಂಡು ಹೋರಾಡಿದರು.

1991ರ ಸೆಪ್ಟೆಂಬರ್ 28ರ ನಸುಕಿನಲ್ಲಿ ಭಿಲಾಯಿಯಲ್ಲಿ ಮಲಗಿದ್ದ ನಿಯೋಗಿಯವರನ್ನು ಕಿಟಕಿಯಿಂದ ಗುಂಡು ಹೊಡೆದು ಕೊಂದರು. 1997ರಲ್ಲಿ ಕೆಳಗಿನ ಕೋರ್ಟ್, ಕೊಲೆಯ ಸಂಚಿನ ಆರೋಪ ಹೊತ್ತ ಉದ್ಯಮಿಗಳಿಗೂ ಶಿಕ್ಷೆ ಕೊಟ್ಟಿತು. ಮರುವರ್ಷ ಹೈಕೋರ್ಟ್ ಎಲ್ಲರನ್ನೂ ಬಿಟ್ಟಿತು. 2005ರಲ್ಲಿ ಸುಪ್ರೀಂ ಕೋರ್ಟ್, ಗುಂಡು ಹೊಡೆದವನಿಗೆ ಮಾತ್ರ ಜೀವಾವಧಿ ಶಿಕ್ಷೆ ಕೊಟ್ಟಿತು. ತೀರ್ಪು ಒಪ್ಪಲೇಬೇಕು. ಆದರೆ ಹದಿಮೂರು ವರ್ಷ ಕಾದವರ ಹೊಟ್ಟೆಯ ಸಂಕಟ ಸಣ್ಣದಲ್ಲ.

ನ್ಯಾಯದ ದಾರಿ ಮೊದಲೇ ಇಷ್ಟು ಉದ್ದ. ಅದರೊಳಗೆ ರಾಜಕಾರಣಿ ಕೈ ಹಾಕಿ ಕೇಸನ್ನೇ ವಾಪಸ್ ತೆಗೆಸಿದರೆ ಬಡವರ ಗತಿಯೇನು? 2011ರಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ನಮ್ಮ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಅದಿರು ಲೂಟಿಯಲ್ಲಿ ಕೂಲಿಯವರಿಗೆ ಪಾಲು ಸಿಕ್ಕಿರಲಿಲ್ಲ, ಕೆಲಸ ಹೋಗಿದ್ದು ಮಾತ್ರ ಅವರದ್ದು. ತಪ್ಪು ಮಾಡಿದವರು ಯಾರು ಅನ್ನೋದನ್ನು ಕೋರ್ಟೇ ಹೇಳಬೇಕು, ಸಚಿವ ಸಂಪುಟ ಅಲ್ಲ.

ಸರ್ಕಾರ ಬದಲಾದಾಗಲೆಲ್ಲ ಕೇಸು ವಾಪಸ್ ಪಡೆಯುವ ಪಟ್ಟಿಯೂ ಹೊರಡುತ್ತದೆ, ಅಲ್ವಾ? ಹಾಲಿ, ಮಾಜಿ ಸಂಸದರು, ಶಾಸಕರ ಮೇಲಿನ ಕೇಸನ್ನು ಹೈಕೋರ್ಟ್ ಒಪ್ಪಿಗೆ ಇಲ್ಲದೆ ವಾಪಸ್ ಪಡೆಯಬಾರದು ಅಂತ ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಹೇಳಿದೆ. ಹೋರಾಟಗಾರರ ಮೇಲಿನ ಸುಳ್ಳು ಕೇಸುಗಳೂ ಹೀಗೇ ವಾಪಸ್ ಆಗುತ್ತವೆ, ನಿಜ. ಅವನ್ನೂ ಕಾರಣ ಬರೆದು ಕೋರ್ಟಿನ ಮುಂದೆಯೇ ಇಡಲಿ.

ಕಾರ್ಮಿಕ ಬಂಧುಗಳೇ, ನಿಯೋಗಿಯವರ ಫೋಟೊಗೆ ಹಾರ ಹಾಕಲು ಯಾವ ನಾಯಕರೇ ಬರಲಿ, ವೇದಿಕೆಯಲ್ಲೇ ಕೇಳಿ: ಯಾರ ಕೇಸು ವಾಪಸ್ ತೆಗೆಸಿದ್ದೀರಿ, ಯಾಕೆ ತೆಗೆಸಿದಿರಿ? ಉತ್ತರ ಬರುವ ತನಕ ಹಾರ ನಿಮ್ಮ ಕೈಯಲ್ಲೇ ಇರಲಿ.