ಮದುವೆಗೆ ಬಂದವರೂ ಪ್ರವಾಸಿಗರೇ? ಜನ ಊರು ಬಿಟ್ಟು ಏಕೆ ಹೊರಡುತ್ತಾರೆ?

ನಮಸ್ಕಾರ. ಲಕ್ಕುಂಡಿಯ ಕುರಿತ ನಮ್ಮ ವಿಡಿಯೋ ನೋಡಿದ ರಾಣೆಬೆನ್ನೂರಿನ ವೀಕ್ಷಕರೊಬ್ಬರು ಹೀಗೆ ಕೇಳಿದ್ದಾರೆ: “ಸರ್, ಅಕ್ಕನ ಮಗಳ ಮದುವೆಗೆಂದು ಧಾರವಾಡಕ್ಕೆ ಬಂದು ಲಾಡ್ಜಿನಲ್ಲಿ ಎರಡು ರಾತ್ರಿ ಉಳಿದೆವು. ಗುಡಿ, ಕೆರೆ, ಕೋಟೆ ಯಾವುದನ್ನೂ ನೋಡಲಿಲ್ಲ. ನಮ್ಮನ್ನೂ ಪ್ರವಾಸಿಗರು ಎನ್ನಬಹುದೇ?” ಈ ಪ್ರಶ್ನೆಯ ಬೆನ್ನು ಹತ್ತಿದರೆ ಪ್ರವಾಸೋದ್ಯಮದ ಬುಡಕ್ಕೇ ಹೋಗಿ ಮುಟ್ಟುತ್ತೇವೆ.

ಉತ್ತರ ಹೌದು ಎಂದೇ. ವಿಶ್ವಸಂಸ್ಥೆ ಒಪ್ಪಿರುವ ಲೆಕ್ಕದ ಕ್ರಮದಲ್ಲಿ, ತಾನು ದಿನನಿತ್ಯ ಓಡಾಡುವ ಪರಿಸರವನ್ನು ಬಿಟ್ಟು, ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ, ಹೋದ ಊರಿನಲ್ಲಿ ನೌಕರಿ ಹಿಡಿಯುವ ಉದ್ದೇಶವಿಲ್ಲದೆ ಪಯಣಿಸುವವರೆಲ್ಲ ಸಂದರ್ಶಕರು. ಅವರಲ್ಲಿ ಒಂದು ರಾತ್ರಿಯಾದರೂ ತಂಗಿದವರು ಪ್ರವಾಸಿಗರು. ಸಂಜೆಗೆ ಮನೆಗೆ ಮರಳಿದವರು ದಿನದ ಸಂದರ್ಶಕರು. ಏನನ್ನು ನೋಡಿದಿರಿ ಎಂದು ಈ ಲೆಕ್ಕ ಕೇಳುವುದಿಲ್ಲ. ದಿನವೂ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುವ ನೌಕರರು ಇದರೊಳಗೆ ಬರುವುದಿಲ್ಲ. ಆದರೆ ಹೈಕೋರ್ಟ್ ಪೀಠದಲ್ಲಿ ಪ್ರಕರಣವಿರುವ ಕಕ್ಷಿದಾರರು, ಪರೀಕ್ಷೆ ಬರೆಯಲು ಬಂದ ಅಭ್ಯರ್ಥಿಗಳು, ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗಿರುವ ಸಂಬಂಧಿಕರು, ಶಿವರಾತ್ರಿಯ ಜಾತ್ರೆಗೆ ಸಿದ್ಧಾರೂಢ ಮಠಕ್ಕೆ ಬಂದ ಭಕ್ತರು, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ದೂರದಿಂದ ಬಂದ ವ್ಯಾಪಾರಿಗಳು ರಾತ್ರಿ ಉಳಿದರೆ ಪ್ರವಾಸಿಗರೇ ಆಗುತ್ತಾರೆ. ಅವಳಿ ನಗರದ ಲಾಡ್ಜುಗಳನ್ನೂ ಖಾನಾವಳಿಗಳನ್ನೂ ನಡೆಸುತ್ತಿರುವವರಲ್ಲಿ ಇಂಥವರ ಪಾಲು ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ನಾವು ಸ್ಮಾರಕಗಳ ಚಿತ್ರ ತೋರಿಸಿ ಇವರನ್ನು ಮರೆಯುವುದು ಸರಿಯಲ್ಲ.

[ಪರದೆಯ ಮೇಲೆ: 5 ಜುಲೈ 1841]

ಈ ಉದ್ಯಮದ ಇತಿಹಾಸವೂ ಇದನ್ನೇ ಹೇಳುತ್ತದೆ. ಥಾಮಸ್ ಕುಕ್ ಎಂಬ ಇಂಗ್ಲೆಂಡಿನವರು 1841ರಲ್ಲಿ ಲೆಸ್ಟರ್‌ನಿಂದ ಲಾಫ್‌ಬರೊವರೆಗೆ, ಅಂದರೆ ಹೆಚ್ಚುಕಡಿಮೆ ಹುಬ್ಬಳ್ಳಿ–ಧಾರವಾಡದಷ್ಟೇ ದೂರಕ್ಕೆ, ತಲೆಗೆ ಒಂದು ಶಿಲ್ಲಿಂಗ್ ದರದಲ್ಲಿ ಸುಮಾರು 500 ಜನರನ್ನು ವಿಶೇಷ ರೈಲಿನಲ್ಲಿ ಕರೆದೊಯ್ದರು. ಮುಂದೆ ಜಗತ್ತಿನಲ್ಲೆಲ್ಲ ಹೆಸರಾದ ಪ್ರವಾಸ ಸಂಸ್ಥೆಯೊಂದರ ಮೂಲ ಇದೇ ಪಯಣ. ಆ ಜನ ಹೋದದ್ದು ಮದ್ಯಪಾನ ವಿರೋಧಿ ಸಭೆಗೆ. ಅವರನ್ನು ಮನೆಯಿಂದ ಹೊರಡಿಸಿದ್ದು ಒಂದು ಸಭೆಯೇ ಹೊರತು ಯಾವುದೋ ಪ್ರೇಕ್ಷಣೀಯ ಸ್ಥಳವಲ್ಲ.

ಹಾಗಾದರೆ ಜನರನ್ನು ಮನೆಯಿಂದ ಹೊರಡಿಸುವುದು ಯಾವುದು? ಮನಸ್ಸಿನೊಳಗಿನಿಂದ ನೂಕುವ ಕಾರಣಗಳು ಬೇರೆ, ಹೊರಗಿನ ಸ್ಥಳವು ಸೆಳೆಯುವ ಕಾರಣಗಳು ಬೇರೆ ಎಂದು ಪ್ರವಾಸೋದ್ಯಮದ ಸಂಶೋಧಕ ಗ್ರಹಾಂ ಡ್ಯಾನ್ 1977ರಲ್ಲಿ ವಿಂಗಡಿಸಿದರು. ಎರಡು ವರ್ಷಗಳ ನಂತರ ಇನ್ನೊಬ್ಬ ಸಂಶೋಧಕ ಜಾನ್ ಕ್ರಾಂಪ್ಟನ್ ರಜೆಯ ಪ್ರವಾಸಿಗರನ್ನು ವಿವರವಾಗಿ ಮಾತನಾಡಿಸಿ, ದಿನದ ಜಂಜಾಟದಿಂದ ಬಿಡುಗಡೆ, ವಿಶ್ರಾಂತಿ, ತನ್ನನ್ನು ತಾನು ಅರಿಯುವ ಹಂಬಲ, ನಾಲ್ಕು ಜನರ ನಡುವೆ ಹೆಚ್ಚುವ ಗೌರವ, ಬಂಧುಗಳೊಡನೆ ಗಟ್ಟಿಯಾಗುವ ನಂಟು, ಹೊಸಬರ ಪರಿಚಯ ಮುಂತಾದವನ್ನು ಪಟ್ಟಿಮಾಡಿದರು. ಈ ಪಟ್ಟಿಯಲ್ಲಿ ಒಂದೂ ಊರಿನ ಹೆಸರಿಲ್ಲ ಎಂಬುದನ್ನು ಗಮನಿಸಿ. ಬಂಕಾಪುರದ ನವಿಲು, ಬಾಡ–ಕಾಗಿನೆಲೆಗಳಲ್ಲಿನ ಕನಕದಾಸರ ನೆನಪು, ಗದಗದ ವೀರನಾರಾಯಣ ಗುಡಿ ನಮ್ಮನ್ನು ಸೆಳೆಯುತ್ತವೆ ನಿಜ. ಆದರೆ ಹೊರಡಬೇಕೆಂಬ ಒತ್ತಾಸೆ ಅದಕ್ಕೂ ಮೊದಲೇ ಮನೆಯಲ್ಲಿ ಹುಟ್ಟಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿಗೆ ಬರುತ್ತೇನೆ, ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ. ಆತಿಥ್ಯೋದ್ಯಮ ಮಾರುವುದು ಕೋಣೆಯನ್ನಲ್ಲ, ಕೋಣೆಯ ಒಂದು ರಾತ್ರಿಯನ್ನು. ನಮ್ಮ ಕಡೆಯ ಖಾನಾವಳಿಯಲ್ಲಿ ಬಡಿದಿಟ್ಟ ಖಡಕ್ ರೊಟ್ಟಿ ಇವತ್ತು ಖರ್ಚಾಗದಿದ್ದರೆ ನಾಳೆ ಖರ್ಚಾಗುತ್ತದೆ. ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡದೆ ಉಳಿದು, ಹುಬ್ಬಳ್ಳಿಯಿಂದ ಬೆಂಗಳೂರಿಗೂ ಹೋಗಿ ಮಾರಾಟವಾಗುತ್ತದೆ. ಇವತ್ತಿನ ರಾತ್ರಿ ಖಾಲಿ ಉಳಿದ ಕೋಣೆಯನ್ನು ಹೀಗೆ ಎತ್ತಿಡಲು ಬರುವುದಿಲ್ಲ. ಬೆಳಗಾದರೆ ಆ ರಾತ್ರಿಯ ಬೆಲೆ ಸೊನ್ನೆ, ನಾಳೆ ಅದನ್ನು ಸೇರಿಸಿ ಎರಡು ರಾತ್ರಿ ಮಾರುತ್ತೇನೆ ಎಂದರೆ ಆಗದು.

[ಪರದೆಯ ಮೇಲೆ: 30 ಕೋಣೆ, 12 ಭರ್ತಿ]

ಉದಾಹರಣೆಗೆ, 30 ಕೋಣೆಗಳ ಒಂದು ಲಾಡ್ಜಿನಲ್ಲಿ ಕೋಣೆಯ ದರ 1,500 ರೂಪಾಯಿ ಇದ್ದು 12 ಕೋಣೆಗಳು ಭರ್ತಿಯಾದವು ಎಂದುಕೊಳ್ಳೋಣ. ಆ ದಿನದ ಆದಾಯ 18,000 ರೂಪಾಯಿ. ಅದನ್ನು ಎಲ್ಲ 30 ಕೋಣೆಗಳಿಗೆ ಹಂಚಿದರೆ ಕೋಣೆಗೆ ದಕ್ಕಿದ್ದು 600 ರೂಪಾಯಿ ಮಾತ್ರ. ಕೌಂಟರಿನಲ್ಲಿ ಕೂತವರ ಸಂಬಳ, ಕಟ್ಟಡದ ಸಾಲದ ಕಂತು, ವಿದ್ಯುತ್ತಿನ ಬಹುಪಾಲು ಕೋಣೆ ಖಾಲಿಯಿದ್ದರೂ ತಪ್ಪುವುದಿಲ್ಲ. ಆದ್ದರಿಂದಲೇ ರಾತ್ರಿ ಹತ್ತರ ನಂತರ ಬಂದವರಿಗೆ ಕೋಣೆಯನ್ನು ಸಾವಿರಕ್ಕೆ ಕೊಟ್ಟರೂ ಮಾಲೀಕರಿಗೆ ಲಾಭವೇ. ಮುಹೂರ್ತಗಳ ತಿಂಗಳಲ್ಲಿ ಅದೇ ಕೋಣೆಯ ದರ ಏರುವುದಕ್ಕೂ ಕಾರಣ ಇದೇ. 2019ರಲ್ಲಿ ಜಗತ್ತಿನಲ್ಲಿ ಸುಮಾರು 146 ಕೋಟಿಯಷ್ಟಿದ್ದ ಅಂತರರಾಷ್ಟ್ರೀಯ ಪ್ರವಾಸಿಗರ ಆಗಮನ 2020ರಲ್ಲಿ ಸುಮಾರು 40 ಕೋಟಿಗೆ ಕುಸಿದಾಗ ಕಳೆದುಹೋದ ರಾತ್ರಿಗಳನ್ನು ಮುಂದಿನ ಯಾವ ವರ್ಷವೂ ಮರಳಿ ಮಾರಲಾಗಲಿಲ್ಲ.

ಈ ದೃಷ್ಟಿಯಿಂದ ಲಕ್ಕುಂಡಿಯನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಶಿವ ಮತ್ತು ಸೂರ್ಯರ ಗರ್ಭಗುಡಿಗಳು ಎದುರುಬದುರಾಗಿ ನಿಂತಿರುವ ಕಾಶಿ ವಿಶ್ವೇಶ್ವರ ಗುಡಿ, ಮೆಟ್ಟಿಲುಗಳ ಮುಸುಕಿನ ಬಾವಿ, ಇಷ್ಟೆಲ್ಲ ಇರುವ ಊರು ಗದಗದಿಂದ ಕೇವಲ 12 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಆ ಸಾಮೀಪ್ಯವೇ ತೊಡಕು. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟವರು ಸಂಜೆಯೊಳಗೆ ಮರಳಬಹುದು, ಹಂಪಿಯ ಕಡೆಗೆ ಹೋಗುವವರು ದಾರಿಯಲ್ಲಿ ಇಳಿದು ನೋಡಿ ಮುಂದೆ ಸಾಗಬಹುದು. ಲೆಕ್ಕದ ಭಾಷೆಯಲ್ಲಿ ಇವರು ದಿನದ ಸಂದರ್ಶಕರು. ಊರಿನಲ್ಲಿ ಅವರು ಬಿಟ್ಟುಹೋಗುವುದು ಚಹಾದ ಹಣವನ್ನಷ್ಟೇ, ಕೋಣೆ, ರಾತ್ರಿಯೂಟ ಮತ್ತು ಬೆಳಗಿನ ನಾಷ್ಟಾದ ಹಣ ಬೇರೆ ಊರಿಗೆ ಹೋಗುತ್ತದೆ. ಇಲ್ಲಿಗೆ ಬೇಕಾದದ್ದು ತಾರಾ ಹೋಟೆಲಲ್ಲ. ಶುಚಿಯಾದ ಹಾಸಿಗೆ, ಒಳ್ಳೆಯ ಶೌಚಾಲಯ, ಬಿಸಿನೀರು, ರೊಟ್ಟಿ–ಎಣ್ಣೆಗಾಯಿಯ ಊಟ, ಜೊತೆಗೆ ಸಂಜೆಯ ಇಳಿಬಿಸಿಲಿನಲ್ಲಿ ಕೆತ್ತನೆಗಳನ್ನು ಬಿಡಿಸಿ ಹೇಳಬಲ್ಲ ಊರಿನವರೇ ಒಬ್ಬರು.

ಸಮಯ ಮೀರುತ್ತಿರುವುದರಿಂದ ಉಳಿದವನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್‌ನಲ್ಲಿ ರೈಲು ಬದಲಿಸಿ ಹೋಗುವವರೂ ಪಯಣಿಗರೇ, ಆದರೆ ಅವರು ಊರೊಳಗೆ ಕಾಲಿಡದಿದ್ದರೆ ಸಾರಿಗೆಗೆ ಆದಾಯ ಬರುತ್ತದೆ, ಆತಿಥ್ಯಕ್ಕೆ ಬರುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಕಾಣಸಿಗುವುದು ಚಳಿಗಾಲದಲ್ಲಿ ಮಾತ್ರ. ಆದರೆ ಹಕ್ಕಿ ನೋಡುವವರಿಗೆ ಬೆಳಗಿನ ಬೆಳಕೇ ಬೇಕಾಗುವುದರಿಂದ ಅವರು ಹಿಂದಿನ ರಾತ್ರಿಯೇ ಬಂದು ತಂಗಲು ಸಿದ್ಧರಿರುತ್ತಾರೆ. ಋತುವಿನ ಏರಿಳಿತ, ಅದರ ಜೊತೆಗೆ ಏರಿಳಿಯುವ ಉದ್ಯೋಗ, ಖಾನಾವಳಿಯ ಗಲ್ಲಾಪೆಟ್ಟಿಗೆಯಲ್ಲಿ ಪ್ರವಾಸಿಗರ ಪಾಲೆಷ್ಟು ಸ್ಥಳೀಯರ ಪಾಲೆಷ್ಟು ಎಂದು ಬೇರ್ಪಡಿಸುವ ಕಷ್ಟ, ಇವುಗಳಿಗೆ ಪ್ರತ್ಯೇಕ ವಿಡಿಯೋ ಮಾಡುತ್ತೇವೆ. ನಿಮ್ಮ ಊರಿಗೆ ಬಂದು ರಾತ್ರಿ ಉಳಿಯುವವರು ಯಾರು, ಯಾವ ಕಾರಣಕ್ಕೆ ಉಳಿಯುತ್ತಾರೆ ಎಂಬುದನ್ನು ಬರೆದು ಕಳುಹಿಸಿ. ಮುಂದಿನ ವಿಡಿಯೋವನ್ನು ಆ ಉತ್ತರಗಳಿಂದಲೇ ಆರಂಭಿಸುತ್ತೇವೆ.