ನೆಲ ಒಣಗಿರಲಿ, ಹೊತ್ತು ಇಳಿದಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಬಳ್ಳಾರಿ ಕಡೆ ಈಗ ಮನೆ ಕಟ್ಟಿಸುವಾಗ ಕಾರಿಗೆ ಅಂತ ಕೆಳಗೆ ಒಂದಿಷ್ಟು ಜಾಗ ಬಿಡುತ್ತಾರೆ. ಶಟರ್ ಹಾಕಿಸುತ್ತಾರೆ, ಗೋಡೆಗೆ ಬಣ್ಣ ಹೊಡೆಸುತ್ತಾರೆ. ನೆಲಕ್ಕೆ ಮಾತ್ರ ಬರೀ ಸಿಮೆಂಟ್. ಅದು ಧೂಳು ಬಿಡುತ್ತದೆ, ಆಯಿಲ್ ಬಿದ್ದರೆ ಕುಡಿದುಬಿಡುತ್ತದೆ. ಗಾಡಿ ಸಂಡೂರಿನ ಕಡೆ ಹೋಗಿ ಬಂತು ಅಂದರೆ ಟೈರಿನ ಕೆಮ್ಮಣ್ಣು ನೆಲಕ್ಕೇ ಹಿಡಿದುಕೊಳ್ಳುತ್ತದೆ. ಇದಕ್ಕೆಲ್ಲ ಎಪಾಕ್ಸಿ, ಅಂದರೆ ನೆಲಕ್ಕೆ ಬಣ್ಣದ ಹಾಗೆ ಹಚ್ಚಿ ಗಟ್ಟಿಯಾಗುವ ಲೇಪನ, ಒಳ್ಳೆಯ ಪರಿಹಾರ. ಹಾಕಿಸಿ. ಆದರೆ ಡಬ್ಬಿ ತರುವ ಮೊದಲು ನೆಲದೊಳಗಿನ ನೀರು ಮತ್ತು ನಮ್ಮ ಬಿಸಿಲು, ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಎಷ್ಟು ದುಬಾರಿ ಮಾಲು ತಂದರೂ ಪದರ ಎದ್ದುಬರುತ್ತದೆ.

ಮೊದಲು ನೀರಿನ ವಿಷಯ. ಹೊಸ ಕಾಂಕ್ರೀಟ್ ಆದರೆ ಕಡಿಮೆ ಅಂದರೂ 28 ದಿನ ಬಿಡಬೇಕು. ಹಳೆಯ ನೆಲವನ್ನೂ ಸುಮ್ನೆ ನಂಬಬೇಡಿ. ಸಿರುಗುಪ್ಪ, ಗಂಗಾವತಿ, ಸಿಂಧನೂರಿನಂಥ ಕಾಲುವೆ ಊರುಗಳಲ್ಲಿ ಸುತ್ತ ಭತ್ತದ ಗದ್ದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರಬಹುದು. ನೋಡುವುದು ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಬದಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಮರುದಿನ ಅದೇ ಹೊತ್ತಿಗೆ ಬಿಚ್ಚಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ, ಇಲ್ಲವೇ ಅಷ್ಟು ಜಾಗ ಕಪ್ಪಾಗಿದ್ದರೆ ಕೆಳಗಿನಿಂದ ತೇವ ಬರುತ್ತಿದೆ ಅಂತಲೇ ಅರ್ಥ. ಈ ಪರೀಕ್ಷೆಯನ್ನು ಕಾಲುವೆಗೆ ನೀರು ಬಿಟ್ಟಿರುವಾಗ ಮಾಡಿ. ಕಾಲುವೆ ಬಂದ್ ಆದ ಬೇಸಿಗೆಯಲ್ಲಿ ಮಾಡಿದರೆ ಒಣಗಿದೆ ಅಂತ ಕಾಣುತ್ತದೆ, ಮುಂದೆ ಗದ್ದೆಗೆ ನೀರು ಬಂದಾಗ ನೆಲದಲ್ಲಿ ಗುಳ್ಳೆ ಏಳುತ್ತದೆ.

ಎರೆಮಣ್ಣಿನ ಮೇಲೆ ಕಟ್ಟಿದ ಮನೆಗೆ ಇನ್ನೊಂದು ತಾಪತ್ರಯ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಜೊತೆಗೆ ನೆಲದ ಬಿರುಕೂ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಎಪಾಕ್ಸಿ ಗಟ್ಟಿ ಪದಾರ್ಥ, ಹಿಗ್ಗುವುದಿಲ್ಲ. ಅಂಥ ಬಿರುಕಿಗೆ ರಬ್ಬರಿನ ಹಾಗೆ ಹಿಗ್ಗುವ ಪಿ.ಯು. (ಪಾಲಿಯುರಿಥೇನ್) ಸೀಲಂಟ್ ತುಂಬಿಸಿ, ಆ ಗೆರೆಯನ್ನು ಹಾಗೇ ಬಿಡುವುದೇ ವಾಸಿ. ಕಡಪ ಕಲ್ಲಿನ ನೆಲ ಇದ್ದವರಿಗೆ ನಾನು ಎಪಾಕ್ಸಿ ಬೇಡವೇ ಬೇಡ ಅನ್ನುತ್ತೇನೆ. ಕಲ್ಲು ನುಣುಪು, ಸಂದುಗಳು ಅಲುಗುತ್ತವೆ. ಇದ್ದ ಕಲ್ಲನ್ನೇ ಚೆನ್ನಾಗಿಟ್ಟುಕೊಳ್ಳಿ.

ಇನ್ನು ಮೇಲ್ಮೈ. ನಮ್ಮ ಮೇಸ್ತ್ರಿಗಳು ಕೊನೆಗೆ ಸಿಮೆಂಟ್ ಪುಡಿ ಉದುರಿಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸುತ್ತಾರೆ. ನೋಡಲು ಚೆಂದ, ಆದರೆ ಎಪಾಕ್ಸಿಗೆ ಆ ತೆಳು ಪೊರೆಯೇ ಶತ್ರು. ಎಪಾಕ್ಸಿ ಆ ಪೊರೆಯನ್ನು ಹಿಡಿಯುತ್ತದೆ, ಪೊರೆ ನೆಲವನ್ನು ಬಿಟ್ಟು ಬರುತ್ತದೆ. ನೆಲದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಮುತ್ತಿನ ಹಾಗೆ ನಿಂತರೆ ನೆಲ ಇನ್ನೂ ತಯಾರಾಗಿಲ್ಲ. ಇಂಗಿದರೆ ಸರಿ. ಮೊಸಾಯಿಕ್ ಪಾಲಿಶ್ ಮಾಡುವವರ ಮಷಿನ್‌ಗೆ ಒರಟು ಕಲ್ಲು ಹಾಕಿಸಿ ಒಂದು ಸುತ್ತು ತಿಕ್ಕಿಸಿದರೆ ಸಾಕು, ಕೈಯಾಡಿಸಿದಾಗ ಉಪ್ಪುಕಾಗದದ ಹಾಗೆ ತರಿತರಿ ಇರಬೇಕು. ನೀರು ಬಿಟ್ಟು ತಿಕ್ಕಿಸಿದ್ದರೆ ನೆಲ ಪೂರ್ತಿ ಒಣಗುವ ತನಕ ಕಾಯಿರಿ. ಒಣ ನೆಲವನ್ನೇ ತಿಕ್ಕಿಸುವುದಾದರೆ ಮಾಸ್ಕ್ ಇಲ್ಲದೆ ಒಳಗೆ ನಿಲ್ಲಬೇಡಿ, ಆ ಧೂಳು ಎದೆಗೆ ಕೆಟ್ಟದ್ದು. ಕೆಲವರು ಬಾತ್‌ರೂಮ್ ಆ್ಯಸಿಡ್ ಸುರಿಯುತ್ತಾರೆ. ಅದರ ಉಪ್ಪು ಸರಿಯಾಗಿ ತೊಳೆದು ಹೋಗದಿದ್ದರೆ ಬೇರೆ ತೊಂದರೆ, ಮೇಲಾಗಿ ನೆಲಕ್ಕೆ ಮತ್ತೆ ನೀರು ಕುಡಿಸಿದ ಹಾಗೆ. ತಿಕ್ಕಿಸುವುದೇ ಮೇಲು.

ಈಗ ಬಿಸಿಲಿಗೆ ಬರೋಣ. ಎಪಾಕ್ಸಿಯಲ್ಲಿ ಎರಡು ಡಬ್ಬಿ ಇರುತ್ತದೆ, ಒಂದು ರೆಸಿನ್, ಇನ್ನೊಂದು ಹಾರ್ಡನರ್. ಎರಡೂ ಬೆರೆತ ಗಳಿಗೆಯಿಂದಲೇ ಗಟ್ಟಿಯಾಗಲು ಶುರು. ಸೆಖೆ 10 ಡಿಗ್ರಿ ಏರಿದರೆ ಸಿಗುವ ಸಮಯ ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ಡಬ್ಬಿಯ ಮೇಲೆ 25 ಡಿಗ್ರಿಗೆ 40 ನಿಮಿಷ ಅಂತ ಬರೆದಿದ್ದರೆ 35 ಡಿಗ್ರಿಯಲ್ಲಿ ನಿಮಗೆ ಸಿಗುವುದು 20 ನಿಮಿಷ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ, ಆಗ ರೋಲರ್ ಎತ್ತಿಕೊಳ್ಳುವುದರೊಳಗೆ ಮಾಲು ದಪ್ಪಗಾಗಿರುತ್ತದೆ. ಬಕೆಟ್‌ನಲ್ಲಿ ರಾಶಿಯಾಗಿ ಉಳಿದರಂತೂ ತನ್ನ ಬಿಸಿಗೆ ತಾನೇ ಕಾಯುತ್ತದೆ. ಬಕೆಟ್ ಮುಟ್ಟಲಾಗದಷ್ಟು ಸುಡುತ್ತದೆ, ಹೊಗೆಯೂ ಬರುತ್ತದೆ. ಅದಕ್ಕೇ ಕಲಸಿದ ತಕ್ಷಣ ನೆಲಕ್ಕೆ ಉದ್ದುದ್ದ ಸುರಿದುಬಿಡಿ, ಹರಡಿಕೊಂಡರೆ ಬಿಸಿ ಆರುತ್ತದೆ. ಬಕೆಟ್ ಅಂಚಿನಲ್ಲಿ ಉಳಿದದ್ದನ್ನು ಕೆರೆದು ಹಾಕಬೇಡಿ. ಅದು ಸರಿಯಾಗಿ ಬೆರೆತಿರುವುದಿಲ್ಲ, ಬಿದ್ದ ಕಡೆ ಅಂಟಂಟಾಗಿಯೇ ಉಳಿಯುತ್ತದೆ.

ಬೆಳಿಗ್ಗೆ ಹಾಕಿದರೆ ತಂಪಿರುತ್ತದಲ್ವಾ ಅಂತ ನಿಮಗೆ ಅನ್ನಿಸಬಹುದು. ಆದರೆ ಹೊತ್ತು ಏರಿದಂತೆ ನೆಲ ಕಾಯುತ್ತದೆ, ಕಾಂಕ್ರೀಟಿನ ಸಣ್ಣ ತೂತುಗಳಲ್ಲಿರುವ ಗಾಳಿ ಹಿಗ್ಗುತ್ತದೆ, ಹಸಿ ಪದರವನ್ನು ತೂರಿಕೊಂಡು ಮೇಲೆ ಬರುತ್ತದೆ. ಮರುದಿನ ನೋಡಿದರೆ ಸೂಜಿಯಲ್ಲಿ ಚುಚ್ಚಿದಂತೆ ತೂತು. ಹೊತ್ತು ಇಳಿದ ಮೇಲೆ ನೆಲ ತಣ್ಣಗಾಗುತ್ತಾ ಹೋಗುತ್ತದೆ, ಗಾಳಿ ಕುಗ್ಗಿ ಪದರವನ್ನು ಒಳಕ್ಕೆಳೆದುಕೊಳ್ಳುತ್ತದೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯೊಳಗೆ ಒಂದು ಒಣ ದಿನ ನೋಡಿ, ಸಂಜೆ ಮುಂದೆ ಹಾಕಿಸಿ. ಕತ್ತಲಾಗುವ ಮೊದಲೇ ಮುಗಿಸಿ, ಒಳಗಿನ ದೀಪ ಆರಿಸಿ. ದೀಪ ಉರಿಯುತ್ತಿದ್ದರೆ ಹುಳಗಳೆಲ್ಲ ಬಂದು ಹಸಿ ನೆಲಕ್ಕೇ ಅಂಟಿಕೊಳ್ಳುತ್ತವೆ. ಕೈಗೆ ಗ್ಲೌಸ್ ಇರಲಿ. ಹಾರ್ಡನರ್ ಚರ್ಮಕ್ಕೆ ತಾಗಿ ಅಲರ್ಜಿ ಆದರೆ ಅದು ಮುಂದೆಯೂ ಕಾಡುತ್ತದೆ. ಕೆಲಸ ನಡೆಯುವಷ್ಟು ಹೊತ್ತೂ ಗಾಳಿ ಆಡುತ್ತಿರಲಿ.

ಮಾಲಿನ ಲೆಕ್ಕ ಹೀಗೆ. ನೀರು, ಥಿನ್ನರ್ ಬೆರೆಸದ ಎಪಾಕ್ಸಿ ಕಾಲು ಮಿಲಿಮೀಟರ್ ದಪ್ಪಕ್ಕೆ ಲೀಟರಿಗೆ ಸುಮಾರು 40 ಚದರ ಅಡಿ ಬರುತ್ತದೆ. 10ಕ್ಕೆ 20 ಅಡಿ ಜಾಗಕ್ಕೆ ಒಂದು ಕೋಟ್‌ಗೆ 5 ಲೀಟರ್ ಹಿಡಿಯಿರಿ. ಕಾರು ತೊಳೆಯುವ ಜಾಗವಾದರೆ ಹಸಿ ಇರುವಾಗಲೇ ಸಣ್ಣ ಸಿಲಿಕಾ ಮರಳು ಉದುರಿಸಿ, ಇಲ್ಲದಿದ್ದರೆ ನೀರು ಬಿದ್ದಾಗ ವಯಸ್ಸಾದವರು ಜಾರುತ್ತಾರೆ. ಶಟರ್ ಇಲ್ಲದೆ ಬಿಸಿಲು ಬೀಳುವ ಪೋರ್ಟಿಕೋ ಆದರೆ ಬರೀ ಎಪಾಕ್ಸಿ ಹಳದಿಯಾಗುತ್ತದೆ, ಮೇಲೆ ಬಿಸಿಲು ತಡೆಯುವ ಪಾಲಿಯುರಿಥೇನ್ ಕೋಟ್ ಕೊಡಿಸಿ.

ಒಂದು ದಿನ ಕಳೆದ ಮೇಲೆ ಓಡಾಡಬಹುದು. ಗಾಡಿಗೆ ಮಾತ್ರ 7 ದಿನ ಬೇಕು. ಹೊಸಪೇಟೆ ರಸ್ತೆಯಿಂದ ಬಂದ ಕಾರಿನ ಟೈರ್ ಕಾದಿರುತ್ತದೆ. ಎಳೆಯ ಪದರದ ಮೇಲೆ ನಿಂತರೆ ಅದನ್ನು ಮೆತ್ತಗೆ ಮಾಡಿ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಗಾಡಿ ತೆಗೆದಾಗ ನಾಲ್ಕು ಟೈರಿನ ಜಾಗವೂ ಕಿತ್ತುಬರುತ್ತದೆ. ಆ ವಾರ ಕಾರು ಹೊರಗೇ ಇರಲಿ.

ನಮಸ್ಕಾರ.