ಭಾನುವಾರ ರಾತ್ರಿ ಹತ್ತು ಗಂಟೆ

ನಮಸ್ಕಾರ, ಕೇಳುಗರೇ.

ಕೆಲಸದ ಮೇಲೆ ನಾಲ್ಕು ವರ್ಷ ನಾನು ಜರ್ಮನಿಯಲ್ಲಿದ್ದೆ. ಬವೇರಿಯಾ ರಾಜ್ಯದ ರೋಸೆನ್‌ಹೈಮ್ ಎಂಬ ಪಟ್ಟಣ. ಅಡುಗೆಮನೆ ಕಿಟಕಿ ತೆಗೆದರೆ ದೂರದಲ್ಲಿ ಆಲ್ಪ್ಸ್ ಬೆಟ್ಟ ಕಾಣುತ್ತಿತ್ತು, ಹತ್ತಿರದಿಂದ ಹೆದ್ದಾರಿಯ ಸದ್ದು ಬರುತ್ತಿತ್ತು. ಮಳೆಗಾಲದ ಹೊಳೆಯ ಹಾಗೆ ಒಂದೇ ಸಮನೆ. ಎರಡು ವಾರದಲ್ಲಿ ಕಿವಿಗೆ ರೂಢಿಯಾಯಿತು. ಆದರೆ ಭಾನುವಾರ ಬಂತೆಂದರೆ ಆ ಸದ್ದು ತೆಳ್ಳಗಾಗುತ್ತಿತ್ತು. ಯಾಕೆ ಅಂತ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. ಒಂದು ಭಾನುವಾರ ರಾತ್ರಿ ಪಾತ್ರೆ ತೊಳೆಯುತ್ತಾ ನಿಂತಿದ್ದೆ. ಗಂಟೆ ಹತ್ತಾಯಿತು. ಹೆದ್ದಾರಿ ಕಡೆಯಿಂದ ಒಂದರ ಹಿಂದೆ ಒಂದು ದೊಡ್ಡ ಎಂಜಿನ್‌ಗಳು ಗುರುಗುಟ್ಟತೊಡಗಿದವು. ಹತ್ತೇ ನಿಮಿಷ, ಹೊಳೆ ಮತ್ತೆ ತುಂಬಿ ಹರಿಯಿತು.

ಜರ್ಮನಿಯಲ್ಲಿ ಭಾನುವಾರ ಲಾರಿ ಓಡಿಸುವಂತಿಲ್ಲ. ಏಳೂವರೆ ಟನ್‌ಗಿಂತ ಜಾಸ್ತಿ ತೂಕದ ಲಾರಿಯಾದರೆ ಶನಿವಾರ ಮಧ್ಯರಾತ್ರಿ 12ರೊಳಗೆ ಎಲ್ಲಾದರೂ ಜಾಗ ಹಿಡಿದು ನಿಂತುಬಿಡಬೇಕು. ಮತ್ತೆ ಚಕ್ರ ಉರುಳುವುದು ಭಾನುವಾರ ರಾತ್ರಿ 10ಕ್ಕೆ. 1956ರಿಂದ ಹೀಗೆಯೇ ನಡೆದುಕೊಂಡು ಬಂದಿದೆ. ತಾಜಾ ಹಾಲು, ಮೀನು, ಮಾಂಸ, ಬೇಗ ಕೆಡುವ ಹಣ್ಣು ತರಕಾರಿಗೆ ವಿನಾಯಿತಿ ಇದೆ. ಸೋಫಾ, ಸಿಮೆಂಟು, ವಾಷಿಂಗ್ ಮಷೀನುಗಳೆಲ್ಲ ಕಾಯಬೇಕು. ಭಾನುವಾರ ಅಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ. ವಾರಕ್ಕೊಂದು ದಿನ ಜನ ನೆಮ್ಮದಿಯಾಗಿರಲಿ ಎಂಬುದು ಉದ್ದೇಶ. ನನಗೂ ಆ ನೆಮ್ಮದಿ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ದಿನವೆಲ್ಲ ರಸ್ತೆ ಪಕ್ಕದಲ್ಲಿ ಕೂತಿರುವ ಡ್ರೈವರ್ ಏನು ಮಾಡುತ್ತಾನೆ?

ಒಂದೇ ದೇಶದ ನಿಯಮವಾದರೆ ಹೇಗೋ ಹೊಂದಿಸಿಕೊಳ್ಳಬಹುದು. ಆಸ್ಟ್ರಿಯಾದಲ್ಲಿ ಶನಿವಾರ ಮಧ್ಯಾಹ್ನ 3ಕ್ಕೇ ಲಾರಿ ನಿಲ್ಲಬೇಕು. ಫ್ರಾನ್ಸ್‌ನಲ್ಲಿ ಶನಿವಾರ ರಾತ್ರಿ 10ಕ್ಕೆ. ಸ್ವಿಟ್ಜರ್ಲೆಂಡ್‌ನಲ್ಲಿ ಭಾನುವಾರದ ಜೊತೆಗೆ ಪ್ರತಿ ರಾತ್ರಿ 10ರಿಂದ ಬೆಳಗಿನ 5ರವರೆಗೂ ನಿಷೇಧ. ಅದೂ ಮೂರೂವರೆ ಟನ್ ದಾಟಿದ ಎಲ್ಲ ಲಾರಿಗೆ. ಇಟಲಿಯವರು ವರ್ಷಕ್ಕೊಂದು ಪಟ್ಟಿ ಹೊರಡಿಸುತ್ತಾರೆ. ಜುಲೈ, ಆಗಸ್ಟ್ ಬಂದರೆ ಜರ್ಮನಿಯ ಕೆಲವು ಮುಖ್ಯ ಹೆದ್ದಾರಿಗಳಲ್ಲಿ ಶನಿವಾರ ಹಗಲೂ ಲಾರಿ ಓಡುವಂತಿಲ್ಲ. ಜನ ಕುಟುಂಬ ಸಮೇತ ರಜೆಗೆ ಹೊರಟಿರುತ್ತಾರಲ್ಲ, ಅವರಿಗೆ ದಾರಿ ಬಿಡಬೇಕು.

ಇನ್ನು ಹಬ್ಬದ ರಜೆಗಳ ಲೆಕ್ಕ ಕೇಳಿದರೆ ನಗು ಬರುತ್ತದೆ. ರಜೆಯ ದಿನವೂ ಭಾನುವಾರದ ಹಾಗೆಯೇ ಲಾರಿ ನಿಲ್ಲಬೇಕು. ಆದರೆ ಜರ್ಮನಿಯಲ್ಲಿ ರಾಜ್ಯ ರಾಜ್ಯಕ್ಕೂ ರಜೆ ಬೇರೆ. ಅಕ್ಟೋಬರ್ 31 ಪ್ರೊಟೆಸ್ಟೆಂಟರ ದಿನ, ಸ್ಯಾಕ್ಸನಿಯಂಥ ರಾಜ್ಯಗಳಲ್ಲಿ ರಜೆ. ನವೆಂಬರ್ 1 ಕ್ಯಾಥೊಲಿಕರ ದಿನ, ಬವೇರಿಯಾದಲ್ಲಿ ರಜೆ. ಸ್ಯಾಕ್ಸನಿಯ ಲೈಪ್‌ಜಿಗ್‌ನಲ್ಲಿ ಲೋಡು ಹಾಕಿಕೊಂಡು ಮ್ಯೂನಿಕ್‌ಗೆ ಹೊರಟವನ ಪಾಡು ನೋಡಿ. 31ನೇ ತಾರೀಕು ಇಡೀ ದಿನ ಅಲ್ಲೇ ಕೂತು ರಾತ್ರಿ 10ಕ್ಕೆ ಲಾರಿ ತೆಗೆಯುತ್ತಾನೆ. ಅಲ್ಲಿ ಲಾರಿಗೆ ಗಂಟೆಗೆ 80 ಕಿಲೋಮೀಟರ್ ಮಿತಿ. ಬವೇರಿಯಾ ಗಡಿ ಮುಟ್ಟುವಷ್ಟರಲ್ಲಿ ಮಧ್ಯರಾತ್ರಿ. ಗಡಿ ದಾಟಿದರೆ ನವೆಂಬರ್ 1, ಮತ್ತೆ ಇಡೀ ದಿನ ನಿಲ್ಲಬೇಕು. ಪ್ರೊಟೆಸ್ಟೆಂಟ್ ಪಂಥ ಶುರು ಮಾಡಿದ ಲೂಥರ್ 16ನೇ ಶತಮಾನದಲ್ಲಿ ಪೋಪನ ಜೊತೆ ಜಗಳ ಆಡಿದ್ದಕ್ಕೆ ಇವತ್ತಿನ ಲಾರಿ ಡ್ರೈವರು ಎರಡು ದಿನ ದಂಡ ಕಟ್ಟುತ್ತಾನೆ!

ಇದೆಲ್ಲ ನನಗೆ ತಿಳಿಸಿಕೊಟ್ಟವನು ಒಬ್ಬ ರುಮೇನಿಯಾದ ಡ್ರೈವರ್. ಒಂದು ಭಾನುವಾರ ಮಧ್ಯಾಹ್ನ ಹೆದ್ದಾರಿ ಪಕ್ಕದ ತಂಗುದಾಣದಲ್ಲಿ ಕಾರು ನಿಲ್ಲಿಸಿದ್ದೆ. ಲಾರಿಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿದ್ದವು. ಇವನು ಟ್ರೇಲರ್ ಪಕ್ಕದ ಪೆಟ್ಟಿಗೆಯ ಮುಚ್ಚಳ ಇಳಿಸಿ, ಅದರ ಮೇಲೆ ಸಣ್ಣ ಗ್ಯಾಸ್ ಒಲೆ ಇಟ್ಟು, ಈರುಳ್ಳಿ ಹುರಿಯುತ್ತಿದ್ದ. ಹುರಿದ ಈರುಳ್ಳಿ ವಾಸನೆಗೆ ನನ್ನ ಕಾಲು ತಾನಾಗಿಯೇ ಆ ಕಡೆ ಹೋಯಿತು. ಅವನ ಜರ್ಮನ್ ಅರೆಬರೆ, ನನ್ನದೂ ಅರೆಬರೆ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು.

ಅವನು ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿ ಒಂದು ಯಂತ್ರ ತೋರಿಸಿದ. ಕಾರಿನ ರೇಡಿಯೋ ಅಷ್ಟೇ ಗಾತ್ರ. ಹೆಸರು ಟ್ಯಾಕೋಗ್ರಾಫ್. ಡ್ರೈವರ್ ತನ್ನ ಕಾರ್ಡು ಅದರಲ್ಲಿ ತೂರಿಸಿದರೆ ಆಯಿತು, ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ನಿಂತ, ಎಲ್ಲವನ್ನೂ ಬರೆದಿಡುತ್ತದೆ. ಯುರೋಪಿನ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಬೇಕಾದರೆ 10 ಗಂಟೆ. ವಾರಕ್ಕೆ 56 ದಾಟುವಂತಿಲ್ಲ, ಎರಡು ವಾರ ಸೇರಿ 90 ದಾಟುವಂತಿಲ್ಲ. ದಿನಕ್ಕೆ 11 ಗಂಟೆ ನಿದ್ದೆ ವಿಶ್ರಾಂತಿ. ನಿದ್ದೆಗಣ್ಣಲ್ಲಿ 40 ಟನ್ ಓಡಿಸುವುದು ಎಷ್ಟು ಅಪಾಯ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಈ ನಿಯಮ ನಮ್ಮಲ್ಲೂ ಹೀಗೆ ಕಟ್ಟುನಿಟ್ಟಾಗಿ ಬರಲಿ ಎಂಬ ಆಸೆ ನನಗಿದೆ.

ತೊಂದರೆ ಬೇರೆ ಕಡೆ ಇದೆ. ಟ್ರಾಫಿಕ್ ಜಾಮಿನಲ್ಲಿ ಮಾರು ಮಾರು ಮುಂದೆ ಸರಿದರೂ ಆ ಯಂತ್ರದ ಲೆಕ್ಕದಲ್ಲಿ ಅದು ಓಡಿಸಿದ ಹೊತ್ತೇ. ಓಡಿಸಲು ಶುರು ಮಾಡಿ ಎಂಟು ತಾಸಾಯಿತು ಅನ್ನುವಾಗ ಡ್ರೈವರ್ ಜಾಗ ಹುಡುಕಲು ಶುರು ಮಾಡಬೇಕು. ಮೊದಲ ತಂಗುದಾಣ ತುಂಬಿದೆ, ಎರಡನೆಯದೂ ತುಂಬಿದೆ. ಯುರೋಪಿನಲ್ಲಿ ಲಾರಿ ನಿಲ್ಲಿಸಲು ಸುಮಾರು 1 ಲಕ್ಷ ಜಾಗ ಕಡಿಮೆ ಇದೆ ಅಂತ ಯುರೋಪಿಯನ್ ಒಕ್ಕೂಟವೇ ಮಾಡಿಸಿದ ಅಧ್ಯಯನ ಹೇಳಿದೆ. ಸಂಜೆ ಆರಕ್ಕೇ ಜರ್ಮನಿಯ ತಂಗುದಾಣಗಳು ಭರ್ತಿ. ತಡವಾಗಿ ಬಂದವರು ಒಳಬರುವ ದಾರಿಯಲ್ಲೇ, ಹೆದ್ದಾರಿಗೆ ಬಾಲ ಚಾಚಿಕೊಂಡು ನಿಲ್ಲಿಸುತ್ತಾರೆ. ಕತ್ತಲಲ್ಲಿ ಹಿಂದಿನಿಂದ ಬಂದವರು ಗುದ್ದಿದ್ದುಂಟು. ಟಾರ್ಪಾಲಿನ್ ಕುಯ್ದು ಮಾಲು ಕದಿಯುವವರ ಕಾಟ ಬೇರೆ.

ವಾರದ ಪೂರ್ತಿ ರಜೆ 45 ಗಂಟೆ. ಅದನ್ನು ಲಾರಿಯೊಳಗೆ ಕಳೆಯುವಂತಿಲ್ಲ, ಮಾಲೀಕರು ಸರಿಯಾದ ರೂಮು ಮಾಡಿಕೊಡಬೇಕು ಅಂತಲೂ ನಿಯಮವಿದೆ. ಒಳ್ಳೆಯದೇ. ಆದರೆ ಲಾಡ್ಜಿನ ಮುಂದೆ ಹದಿನಾರೂವರೆ ಮೀಟರ್ ಉದ್ದದ ಲಾರಿ ನಿಲ್ಲಿಸುವುದು ಎಲ್ಲಿ? ನಿಲ್ಲು ಅನ್ನುವವರು ದಾರಿಯುದ್ದಕ್ಕೂ ಇದ್ದಾರೆ. ಎಲ್ಲಿ ನಿಲ್ಲಲಿ ಅಂದರೆ ಉತ್ತರ ಇಲ್ಲ.

ಅವನು ಇಟಲಿಗೆ ಹೊರಟಿದ್ದ, ಬ್ರೆನ್ನರ್ ಘಾಟಿಯ ಮೇಲೆ. ಈ ಘಾಟಿಯ ಬಗ್ಗೆ ಸ್ವಲ್ಪ ಹೇಳಬೇಕು.

ಆಲ್ಪ್ಸ್ ದಾಟಲು ಇರುವ ದೊಡ್ಡ ದಾರಿಗಳಲ್ಲಿ ಬ್ರೆನ್ನರ್ ತಗ್ಗಿನದು. ಸುಮಾರು 1370 ಮೀಟರ್ ಎತ್ತರ, ನಮ್ಮ ಕುದುರೆಮುಖಕ್ಕಿಂತಲೂ ಕಡಿಮೆ. ಜರ್ಮನಿಯ ಗಡಿಯಲ್ಲಿ ಕುಫ್‌ಸ್ಟೈನ್, ಅಲ್ಲಿಂದ ಇನ್ ನದಿಯ ಕಣಿವೆ ಹಿಡಿದು ಇನ್ಸ್‌ಬ್ರುಕ್, ಆಮೇಲೆ ಏರು, ಏರಿದ ಮೇಲೆ ಇಟಲಿ. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದೊಳಗೆ ಬರೀ 110 ಕಿಲೋಮೀಟರ್ ದಾರಿ. ಆದರೆ ವರ್ಷಕ್ಕೆ 24 ಲಕ್ಷದಷ್ಟು ಲಾರಿಗಳು ಇದನ್ನೇ ಹಿಡಿಯುತ್ತವೆ. ಸ್ವಿಟ್ಜರ್ಲೆಂಡಿನ ಎಲ್ಲ ಘಾಟಿಗಳನ್ನೂ ಕೂಡಿಸಿದರೂ ಇದರ ಅರ್ಧ ಆಗುವುದಿಲ್ಲ. ಸ್ವಿಸ್ ಜನ 1994ರಲ್ಲೇ ಮತ ಹಾಕಿ, ಗಡಿಯಿಂದ ಗಡಿಗೆ ಹೋಗುವ ಮಾಲು ರೈಲಿನಲ್ಲಿ ಹೋಗಲಿ ಎಂದು ತೀರ್ಮಾನಿಸಿದರು. ಲಾರಿ ಸುಂಕವನ್ನೂ ಏರಿಸಿದರು. ಬ್ರೆನ್ನರ್‌ನಲ್ಲಿ ಟೋಲ್ ಅಗ್ಗ, ಆಸ್ಟ್ರಿಯಾದಲ್ಲಿ ಡೀಸೆಲ್ಲೂ ಅಗ್ಗ. ನೀರು ತಗ್ಗಿಗೆ ಹರಿದ ಹಾಗೆ ಲಾರಿಗಳು ಇಲ್ಲಿಗೆ ಹರಿದವು.

ಕಣಿವೆ ಕಿರಿದು. ಹೊಗೆ ಅಲ್ಲೇ ಮಡುಗಟ್ಟುತ್ತದೆ, ಸದ್ದು ಬೆಟ್ಟ ಹತ್ತಿ ಮೇಲಿನ ಮನೆಗಳಿಗೂ ಹೋಗುತ್ತದೆ. ಆ ಊರಿನವರ ಸಿಟ್ಟು ನ್ಯಾಯವಾದದ್ದೇ. ಟಿರೋಲ್ ಸರ್ಕಾರ ರಾತ್ರಿ ಲಾರಿ ಓಡದಂತೆ ಮಾಡಿತು. ಕಲ್ಲು, ಮಣ್ಣು, ಕಸ, ಮರದ ದಿಮ್ಮಿಯಂಥ ಕೆಲವು ಮಾಲು ರೈಲಿನಲ್ಲೇ ಹೋಗಲಿ ಎಂದಿತು. 2017ರಿಂದ ಇನ್ನೊಂದು ಕ್ರಮ. ಅದರ ಹೆಸರು ಬ್ಲಾಕ್‌ಅಬ್‌ಫೆರ್ಟಿಗುಂಗ್. ನನಗೆ ನಾಲ್ಕು ವರ್ಷವಾದರೂ ನಾಲಿಗೆ ತಿರುಗಲಿಲ್ಲ. ಕೆಲಸ ಮಾತ್ರ ಸರಳ. ಬೆಳಿಗ್ಗೆ 5ಕ್ಕೆ ಕುಫ್‌ಸ್ಟೈನ್ ಹತ್ತಿರ ಪೊಲೀಸರು ನಿಲ್ಲುತ್ತಾರೆ. ಲಾರಿ ಎಣಿಸುತ್ತಾರೆ. ಗಂಟೆಗೆ ಹೆಚ್ಚೆಂದರೆ 300 ಬಿಡುತ್ತಾರೆ. ಮಿಕ್ಕವು ಜರ್ಮನಿಯ ಕಡೆ ಬಲಗಡೆಯ ಒಂದು ಸಾಲು ಹಿಡಿದು ನಿಲ್ಲುತ್ತವೆ, ಹತ್ತಾರು ಕಿಲೋಮೀಟರ್ ಉದ್ದ. ಯಾವ ಯಾವ ದಿನ ಎಂದು ಮೊದಲೇ ಪಟ್ಟಿ ಬರುತ್ತದೆ. ಹಬ್ಬ ಮುಗಿದ ಮಾರನೇ ದಿನಗಳು ಅದರಲ್ಲಿ ಗ್ಯಾರಂಟಿ.

ಬವೇರಿಯಾದವರು ಬೈದರು. ಇಟಲಿ 2024ರಲ್ಲಿ ಆಸ್ಟ್ರಿಯಾ ಮೇಲೆ ಯುರೋಪಿನ ನ್ಯಾಯಾಲಯಕ್ಕೇ ಹೋಯಿತು. ಸರಕು ಎಲ್ಲ ದೇಶಗಳಲ್ಲೂ ತಡೆಯಿಲ್ಲದೆ ಓಡಾಡಬೇಕು ಎಂಬುದು ಒಕ್ಕೂಟದ ಮೂಲ ಒಪ್ಪಂದ ಅಲ್ವಾ, ಇದೇನು ಎಂದು ಅವರ ವಾದ. ಈ ಗಲಾಟೆಯ ನಡುವೆ 2025ರ ಜನವರಿ 1ರಿಂದ ಘಾಟಿಯ ಮೇಲಿನ ಲುಯೆಗ್ ಸೇತುವೆಯೂ ಕೈಕೊಟ್ಟಿತು. 1960ರ ದಶಕದ ಸೇತುವೆ, ಹಳತಾಗಿ ಭಾರ ತಡೆಯದು. ಒಂದೊಂದು ದಿಕ್ಕಿಗೆ ಒಂದೊಂದೇ ಸಾಲು. ದಟ್ಟಣೆಯ ದಿನ ಎರಡು ಸಾಲು ಬಿಡುತ್ತಾರೆ, ಆದರೆ ಆಗ ಲಾರಿಗಳು ಸೇತುವೆಯ ಅಂಚಿಗೆ ಹೋಗದೆ ಒಳಗಿನ ಸಾಲಿನಲ್ಲೇ ಹೋಗಬೇಕು. ಕೆಳಗೆ ರೈಲಿಗಾಗಿ 55 ಕಿಲೋಮೀಟರ್ ಸುರಂಗ ಕೊರೆಯುತ್ತಿದ್ದಾರೆ. ಅದು ತೆರೆಯುವುದು 2032ರ ಹೊತ್ತಿಗೆ ಎಂದು ಅಂದಾಜು.

ಗಡಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ಸರಿಯಾಗಿ ನೋಡಿದ್ದು 2020ರ ಡಿಸೆಂಬರಿನಲ್ಲಿ. ಬ್ರಿಟನ್ನಿನಲ್ಲಿ ಕೊರೊನಾದ ಹೊಸ ರೂಪ ಕಾಣಿಸಿತೆಂದು 20ನೇ ತಾರೀಕು ರಾತ್ರಿ ಫ್ರಾನ್ಸ್ ಬಾಗಿಲು ಹಾಕಿಕೊಂಡಿತು. ಕ್ರಿಸ್‌ಮಸ್‌ಗೆ ಮನೆಗೆ ಹೊರಟಿದ್ದ ಸಾವಿರಾರು ಡ್ರೈವರುಗಳು ಡೋವರ್ ಬಂದರಿನ ಸುತ್ತ ಸಿಕ್ಕಿಬಿದ್ದರು. ಎಂ 20 ಹೆದ್ದಾರಿ ಪಾರ್ಕಿಂಗ್ ಆಯಿತು. ಮ್ಯಾನ್‌ಸ್ಟನ್ ಎಂಬಲ್ಲಿ ಬಳಕೆಯಲ್ಲಿಲ್ಲದ ವಿಮಾನ ನಿಲ್ದಾಣದ ರನ್‌ವೇ ಮೇಲೆ ಸಾಲು ಸಾಲು ಲಾರಿ. ಶೌಚಾಲಯ ಸಾಲದು, ಸ್ನಾನವಿಲ್ಲ, ಊಟ ಇಲ್ಲ. ಗ್ರೇವ್ಸೆಂಡ್ ಊರಿನ ಗುರುದ್ವಾರದಲ್ಲಿ ರಾತ್ರೋರಾತ್ರಿ ಒಲೆ ಹಚ್ಚಿದರು. ಪೋಲೆಂಡಿನವರಿಗೆ, ರುಮೇನಿಯಾದವರಿಗೆ ನೂರಾರು ಬಿಸಿ ಊಟ, ಕಡಲೆಕಾಳಿನ ಸಾರು, ಅನ್ನ, ಪಾಸ್ತಾ. ಖಾಲ್ಸಾ ಏಡ್ ಸಂಸ್ಥೆಯವರು ಡಬ್ಬಿಗಳನ್ನು ಸಾಗಿಸಿ ಹಂಚಿದರು. ಎರಡು ದಿನದ ಮೇಲೆ ಫ್ರಾನ್ಸ್ ಬಾಗಿಲು ತೆರೆಯಿತು, ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದಾದವರಿಗೆ ಮಾತ್ರ. ಸೈನಿಕರು ಲಾರಿಯಿಂದ ಲಾರಿಗೆ ಹೋಗಿ ಪರೀಕ್ಷೆ ಮಾಡಿದರು. ಅಷ್ಟಾದರೂ ಬಹಳ ಜನ ಕ್ರಿಸ್‌ಮಸ್ ಹಬ್ಬವನ್ನು ಸ್ಟಿಯರಿಂಗ್ ಹಿಂದೆಯೇ ಕಳೆದರು.

ಡ್ರೈವರುಗಳು ತಾವಾಗಿಯೇ ನಿಂತ ಸಂಗತಿಯೂ ಒಂದಿದೆ. 2023ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಹತ್ತಿರದ ಗ್ರೇಫೆನ್‌ಹೌಸೆನ್ ತಂಗುದಾಣದಲ್ಲಿ ಜಾರ್ಜಿಯಾ, ಉಜ್ಬೇಕಿಸ್ತಾನದ ಹತ್ತಾರು ಡ್ರೈವರುಗಳು ಬಾಕಿ ಸಂಬಳ ಕೊಡುವವರೆಗೆ ಲಾರಿ ಕದಲಿಸುವುದಿಲ್ಲ ಎಂದು ಕೂತರು. ವಾರಗಟ್ಟಲೆ ಕೂತರು, ಸಂಬಳ ಪಡೆದೇ ಎದ್ದರು. ನಿಂತ ಲಾರಿಗೆ ಎಷ್ಟು ಬೆಲೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನ್ನ ರುಮೇನಿಯಾದ ಗೆಳೆಯನ ಹತ್ತಿರ ಇದನ್ನೆಲ್ಲ ಮಾತಾಡುವಾಗ, ನಿಮ್ಮಲ್ಲಿ ಹೇಗೆ ಎಂದು ಕೇಳಿದ. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕುತ್ತಾರೆ, ಆನೆ ಹುಲಿ ಓಡಾಡಲಿ ಅಂತ, ಎಂದೆ. ಅವನು ಸೌಟು ಕೈಯಲ್ಲಿ ಹಿಡಿದೇ ನಕ್ಕ. "ಆನೆಗಾದರೆ ಸರಿ, ನಾನೂ ನಿಲ್ಲಿಸುತ್ತೇನೆ" ಎಂದ.

ಆಮೇಲೆ ಫೋನಿನಲ್ಲಿ ಪಟ್ಟಿ ತೋರಿಸಿದ. ಮಾರನೇ ದಿನ ಸೋಮವಾರ, ಕುಫ್‌ಸ್ಟೈನ್‌ನಲ್ಲಿ ಎಣಿಕೆಯ ದಿನ. ರಾತ್ರಿ 10ಕ್ಕೆ ಜರ್ಮನಿ ಬಿಡುತ್ತದೆ. ಆದರೆ ಮುಂದೆ ಟಿರೋಲ್‌ನಲ್ಲಿ ರಾತ್ರಿ ನಿಷೇಧ ಬೆಳಗಿನ 5ರವರೆಗೆ. 5ಕ್ಕೆ ಅದು ಮುಗಿದರೆ, ಅದೇ 5ಕ್ಕೆ ಪೊಲೀಸರ ಎಣಿಕೆ ಶುರು. ಹಾಗಾದರೆ ಇವತ್ತು ರಾತ್ರಿ ಏನು ಮಾಡುತ್ತೀಯಾ ಎಂದೆ. ಈರುಳ್ಳಿಗೆ ಮೊಟ್ಟೆ ಒಡೆದು ಹಾಕಿ, ಒಲೆ ಸಣ್ಣಗೆ ಮಾಡಿದ. ಅಕ್ಕಪಕ್ಕದ ಲಾರಿಯವರೆಲ್ಲ 10ಕ್ಕೆ ಎಂಜಿನ್ ಹಚ್ಚುತ್ತಾರೆ, ಆ ಗಲಾಟೆ ಮುಗಿದ ಮೇಲೆ ಮಲಗುತ್ತೇನೆ, ಅಲಾರಾಂ 4ಕ್ಕೆ ಎಂದ.

ಅವತ್ತು ರಾತ್ರಿ ಹತ್ತಕ್ಕೆ ನಾನು ಅಡುಗೆಮನೆ ಕಿಟಕಿ ಮುಚ್ಚಲಿಲ್ಲ.

ನಮಸ್ಕಾರ.